ಹಿರಿಯರ ಚಾಪೆ, ನೆರೆಯವರ ಮೇಜು: ಶಾಂತಿ ನಿಜವಾಗಿ ಕುದುರುವುದು ಎಲ್ಲಿ?

ಪ್ರಶ್ನಾರ್ಥಕ

ಮುಂದಿನ ತಿಂಗಳು ನಮ್ಮ ಓದುಗರ ಬಳಗದಲ್ಲಿ, ಯುದ್ಧ ಮುಗಿದ ನಾಡುಗಳಲ್ಲಿ ಶಾಂತಿ ಹೇಗೆ ನೆಲೆಯೂರುತ್ತದೆ ಎಂಬುದರ ಬಗ್ಗೆ ನಾನು ಮಾತನಾಡಬೇಕಾಗಿದೆ. ಅದಕ್ಕಾಗಿ ಓದುತ್ತಾ ಹೋದಷ್ಟೂ ಒಂದು ಅನುಮಾನ ಗಟ್ಟಿಯಾಗುತ್ತಿದೆ. ಅದನ್ನು ಇಲ್ಲಿ ಮುಂದಿಟ್ಟು, ತಿಳಿದವರಿಂದ ತಿದ್ದಿಸಿಕೊಳ್ಳಬೇಕೆಂದಿದ್ದೇನೆ.

ನಾನು ಓದಿದ್ದರಲ್ಲಿ ಎರಡು ಬಗೆಯ ಬರಹಗಳಿವೆ. ಮೊದಲ ಬಗೆಯವು ಸಂಪ್ರದಾಯವನ್ನು ಎತ್ತಿ ಹಿಡಿಯುತ್ತವೆ: ಟಿಮೋರ್-ಲೆಸ್ಟೆಯಲ್ಲಿ ಚಾಪೆ ಹಾಸಿ ಕೂತು ಜಗಳ ಬಿಡಿಸುವ ‘ನಾಹೆ ಬಿಟಿ’, ರುವಾಂಡದಲ್ಲಿ ಹುಲ್ಲಿನ ಮೇಲೆ ಊರು ಸೇರುವ ‘ಗಚಾಚಾ’, ಉತ್ತರ ಉಗಾಂಡದ ಅಚೋಲಿ ಜನರ ‘ಮಾತೊ ಒಪುಟ್’. ಎರಡನೆಯ ಬಗೆಯವು ನೆರೆಹೊರೆಯ ದೇಶಗಳ ರಾಜತಾಂತ್ರಿಕ ಪ್ರಯತ್ನಗಳನ್ನು ವಿವರಿಸುತ್ತವೆ: ಆಗ್ನೇಯ ಏಷ್ಯದ ಆಸಿಯಾನ್, ಆಫ್ರಿಕನ್ ಒಕ್ಕೂಟ, ಪಶ್ಚಿಮ ಆಫ್ರಿಕದ ಎಕೊವಾಸ್. ಈ ಎರಡು ಬಗೆಯವರೂ ಒಬ್ಬರನ್ನೊಬ್ಬರು ಓದಿದಂತೆ ಕಾಣುವುದಿಲ್ಲ. ನನ್ನ ಅನುಮಾನ ಇಷ್ಟು: ಯುದ್ಧ ನಿಲ್ಲುವುದು ಬಲಾಬಲದ ಲೆಕ್ಕದಿಂದ, ಇಲ್ಲವೇ ನೆರೆಯವರ ಒತ್ತಡದಿಂದ, ಆಚರಣೆಗಳು ಸಹಿ ಬಿದ್ದ ಮೇಲೆ ಬಾಗಿಲಿಗೆ ಕಟ್ಟುವ ತೋರಣ ಮಾತ್ರ. ಇದು ತಪ್ಪು ಎನ್ನುವವರು ಒಂದೇ ಒಂದು ಉದಾಹರಣೆಯನ್ನಾದರೂ ಪೂರ್ತಿಯಾಗಿ ಬಿಡಿಸಿ ತೋರಿಸಿದರೆ ಉಪಕಾರವಾಗುತ್ತದೆ.

ದ್ವೀಪದರ್ಶಿ

ತಪ್ಪು ಎನ್ನುವವರಲ್ಲಿ ನಾನೂ ಒಬ್ಬ. ನನ್ನ ಉದಾಹರಣೆ ಬೂಗನ್‌ವಿಲ್.

ಪಪುವಾ ನ್ಯೂಗಿನಿಗೆ ಸೇರಿದ ಈ ದ್ವೀಪದಲ್ಲಿ ಪಂಗುನಾ ತಾಮ್ರದ ಗಣಿಯ ಸುತ್ತ 1988ರಲ್ಲಿ ಹೊತ್ತಿಕೊಂಡ ಬೆಂಕಿ ಸುಮಾರು ಹತ್ತು ವರ್ಷ ಉರಿಯಿತು. ಸರ್ಕಾರಕ್ಕೂ ಬಂಡಾಯಗಾರರಿಗೂ ನಡುವೆ ಮಾತ್ರವಲ್ಲದೆ, ಬೂಗನ್‌ವಿಲ್‌ನವರ ನಡುವೆಯೇ ಊರಿಂದೂರಿಗೆ, ಕುಲದಿಂದ ಕುಲಕ್ಕೆ ರಕ್ತ ಹರಿಯಿತು. ನಡುವೆ ಒಪ್ಪಂದಗಳು ಆಗಲಿಲ್ಲವೆಂದಲ್ಲ. 1990ರಲ್ಲಿ ಒಂದು, 1991ರಲ್ಲಿ ನೆರೆಯ ಸೊಲೊಮನ್ ದ್ವೀಪಗಳ ಹೊನಿಯಾರದಲ್ಲಿ ಇನ್ನೊಂದು, 1994ರಲ್ಲಿ ಮತ್ತೊಂದು ಪ್ರಯತ್ನ ನಡೆಯಿತು, ಯಾವುದೂ ಬಾಳಲಿಲ್ಲ. 1997ರ ಆರಂಭದಲ್ಲಿ ಸರ್ಕಾರ ಹೊರಗಿನ ಬಾಡಿಗೆ ಸೈನಿಕರನ್ನು ತರಲು ಹೋಗಿ, ಸ್ವಂತ ಸೈನ್ಯವೇ ತಿರುಗಿ ಬಿದ್ದು, ಪ್ರಧಾನಿ ಹುದ್ದೆಯಿಂದ ಪಕ್ಕಕ್ಕೆ ಸರಿಯಬೇಕಾಯಿತು. ಆ ಬಿರುಕಿನಲ್ಲಿ ನೆರೆಯವರಿಗೆ ಅವಕಾಶ ಸಿಕ್ಕಿತು.

ಅದೇ ವರ್ಷ ಜುಲೈನಲ್ಲಿ ನ್ಯೂಜಿಲೆಂಡ್ ತನ್ನ ಬರ್ನ್‌ಹ್ಯಾಮ್ ಸೇನಾ ಶಿಬಿರದಲ್ಲಿ ಬೂಗನ್‌ವಿಲ್‌ನ ಎದುರಾಳಿ ಬಣಗಳಿಗೆ ಜಾಗ ಕೊಟ್ಟಿತು. ಮಾವೊರಿ ಪದ್ಧತಿಯಂತೆ ಅವರನ್ನು ಬರಮಾಡಿಕೊಂಡ ಆತಿಥೇಯರು, ಆಮೇಲೆ ಮಾತನ್ನು ಬಹುಪಾಲು ಅವರವರಿಗೇ ಬಿಟ್ಟರು. ಅಕ್ಟೋಬರ್‌ನಲ್ಲಿ ಅಲ್ಲಿಯೇ ಕದನವಿರಾಮ ಕುದುರಿತು. ಅದನ್ನು ನೋಡಿಕೊಳ್ಳಲು ನ್ಯೂಜಿಲೆಂಡ್, ಆಸ್ಟ್ರೇಲಿಯ, ಫಿಜಿ, ವನುವಾಟುಗಳಿಂದ ಬಂದ ಸೈನಿಕರು ಮತ್ತು ನಾಗರಿಕರ ಕೈಯಲ್ಲಿ ಒಂದೂ ಬಂದೂಕು ಇರಲಿಲ್ಲ. ಆಯುಧವಿಲ್ಲದ ಹೊರಗಿನವನನ್ನು ಊರು ಕಾಪಾಡಬೇಕು. ಅವನಿಗೆ ಏನಾದರೂ ಆದರೆ ಅವಮಾನ ಊರಿನದು. ಆ ಜವಾಬ್ದಾರಿ ಜನರ ಹೆಗಲಿಗೆ ಬಿದ್ದದ್ದರಿಂದಲೇ ವಿರಾಮ ಬಾಳಿತೆಂದು ನನಗೆ ಅನ್ನಿಸುತ್ತದೆ.

ಇನ್ನು ನಿಮ್ಮ ತೋರಣದ ಮಾತಿಗೆ ಬರುತ್ತೇನೆ. ಅಲ್ಲಿ ಸಮಾಧಾನದ ಆಚರಣೆಗಳು ಸಹಿಯಾದ ಮೇಲೆ ಶುರುವಾದದ್ದಲ್ಲ. ಹಂದಿಗಳನ್ನು ಕೊಟ್ಟು ತೆಗೆದುಕೊಳ್ಳುವುದು, ಒಟ್ಟಿಗೆ ಅಡಿಕೆ ಜಗಿಯುವುದು, ಬಿಲ್ಲು ಬಾಣಗಳನ್ನು ಮುರಿಯುವುದು, ಇವೆಲ್ಲ ಒಂದೊಂದು ಕಣಿವೆಯಲ್ಲಿ, ಒಂದೊಂದು ಸಾವಿನ ಲೆಕ್ಕದಲ್ಲಿ, ಒಪ್ಪಂದದ ಮಾತುಕತೆಯ ಮೊದಲು, ನಡುವೆ ಮತ್ತು ಅನಂತರ ನಡೆದವು. ಬಹುಭಾಗದಲ್ಲಿ ಭೂಮಿ ತಾಯಿಯ ಕಡೆಯಿಂದ ಬರುವ ಸಮಾಜವಾದ್ದರಿಂದ, ಕಾಡಿಗೆ ಹೋಗಿ ಮಕ್ಕಳನ್ನೂ ಸೋದರಳಿಯಂದಿರನ್ನೂ ಕರೆತರುವ ಮಾತಿನ ಹಕ್ಕು ಹೆಂಗಸರಿಗಿತ್ತು. ಅಂತಿಮ ಒಪ್ಪಂದ ಆದದ್ದು 2001ರ ಆಗಸ್ಟ್ 30ರಂದು. ಅದರಲ್ಲಿಯೂ ಸ್ವಾತಂತ್ರ್ಯದ ಪ್ರಶ್ನೆಯನ್ನು ಅಂದೇ ತೀರ್ಮಾನಿಸದೆ, ಸ್ವಾಯತ್ತ ಸರ್ಕಾರ ಬಂದು 10ರಿಂದ 15 ವರ್ಷಗಳ ಒಳಗೆ ಜನಮತಗಣನೆ ಎಂದು ಬರೆದುಕೊಂಡರು. ಮತ ಬಿದ್ದದ್ದು 2019ರಲ್ಲಿ. ಸುಮಾರು ಶೇಕಡ 98ರಷ್ಟು ಮತಗಳು ಸ್ವಾತಂತ್ರ್ಯದ ಕಡೆಗೆ. ಅಷ್ಟು ದೀರ್ಘವಾದ ಕಾಯುವಿಕೆಯನ್ನು ಸಹಿಸುವ ಶಕ್ತಿ ಕಾಗದದಿಂದ ಬಂದದ್ದೆಂದು ನಾನು ನಂಬುವುದಿಲ್ಲ.

ಹೊಸ ಓದುಗ

ಬಂದೂಕಿಲ್ಲದ ಕಾವಲುಗಾರರ ವಿಚಾರ ನನಗೆ ಗೊತ್ತಿರಲಿಲ್ಲ, ಬರೆದದ್ದಕ್ಕೆ ಧನ್ಯವಾದ.

ನಕ್ಷೆಗಾರ

ದ್ವೀಪದರ್ಶಿಯವರೇ, ನಿಮ್ಮ ಬರಹ ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ. ಆ ಯುದ್ಧದಲ್ಲಿ ಪಪುವಾ ನ್ಯೂಗಿನಿಯ ಸೈನ್ಯ ಬಳಸಿದ ಹೆಲಿಕಾಪ್ಟರ್‌ಗಳನ್ನು ಕೊಟ್ಟದ್ದು ಆಸ್ಟ್ರೇಲಿಯ. ಅದೇ ದೇಶ ಮುಂದೆ ಶಾಂತಿ ಕಾಯಲು ಬಂದಿತು. ನೆರೆಯವರು ಎಂದ ತಕ್ಷಣ ನಿಷ್ಪಕ್ಷಪಾತಿಗಳು ಎಂದು ಭಾವಿಸುವುದು ಈ ವಿಷಯದ ಬರಹಗಳಲ್ಲೆಲ್ಲ ಕಾಣುವ ದೋಷ.

ಲೈಬೀರಿಯವನ್ನು ನೋಡಿ. 1990ರ ಆಗಸ್ಟ್‌ನಲ್ಲಿ ಎಕೊವಾಸ್ ತನ್ನ ಪಡೆಯನ್ನು ರಾಜಧಾನಿ ಮನ್ರೋವಿಯಕ್ಕೆ ಕಳಿಸಿದಾಗ ಅದನ್ನು ಪ್ರಾದೇಶಿಕ ಶಾಂತಿಪಾಲನೆಯ ಹೊಸ ಮಾದರಿ ಎಂದು ಕರೆದರು. ಪಡೆಯ ಬೆನ್ನೆಲುಬು ನೈಜೀರಿಯ. ಅದೇ ಹೊತ್ತಿನಲ್ಲಿ ಅದೇ ಸಂಘಟನೆಯ ಸದಸ್ಯರಾದ ಬುರ್ಕಿನಾ ಫಾಸೊ ಮತ್ತು ಐವರಿ ಕೋಸ್ಟ್ ಬಂಡಾಯ ನಾಯಕ ಚಾರ್ಲ್ಸ್ ಟೇಲರ್‌ಗೆ ಒತ್ತಾಸೆಯಾಗಿ ನಿಂತಿದ್ದವು. ಒಂದೇ ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ಬೆಂಕಿ ಆರಿಸಲು, ಇನ್ನೊಬ್ಬರು ಊದಲು ಬಂದಿದ್ದರು. ವಿಶ್ವಸಂಸ್ಥೆಯ ಸನ್ನದಿನ ಎಂಟನೆಯ ಅಧ್ಯಾಯ ಪ್ರಾದೇಶಿಕ ಸಂಘಟನೆಗಳಿಗೆ ವಿವಾದ ಬಿಡಿಸುವ ಅವಕಾಶ ಕೊಟ್ಟರೂ, ಬಲಪ್ರಯೋಗಕ್ಕೆ ಭದ್ರತಾ ಮಂಡಳಿಯ ಅನುಮತಿ ಬೇಕು ಎಂದು 53ನೆಯ ವಿಧಿಯಲ್ಲಿ ಕಟ್ಟಿಹಾಕಿರುವುದು ಸುಮ್ಮನೆ ಅಲ್ಲ.

ದ್ವೀಪದರ್ಶಿ

ಹೆಲಿಕಾಪ್ಟರ್ ವಿಷಯ ನಿಜ, ಅದನ್ನು ಬರೆಯಬೇಕಿತ್ತು, ಒಪ್ಪುತ್ತೇನೆ. ಆದರೆ ಅದೇ ಕಾರಣದಿಂದ 1997ರ ಆ ಮಾತುಕತೆಗೆ ಆಸ್ಟ್ರೇಲಿಯ ಆತಿಥೇಯವಾಗಲಿಲ್ಲ ಎಂಬುದನ್ನೂ ಗಮನಿಸಿ. ಯಾವ ನೆರೆಯವನ ಕೈ ಕೊಳೆಯಾಗಿದೆ, ಯಾವನದು ಕಡಿಮೆ ಕೊಳೆಯಾಗಿದೆ ಎಂಬ ಅರಿವು ಆ ಪ್ರದೇಶದವರಿಗೇ ಚೆನ್ನಾಗಿ ಇರುತ್ತದೆ.

ಕಾನೂನು ವಿದ್ಯಾರ್ಥಿ

ಮೂಲ ಪ್ರಶ್ನೆಗೆ ನಾನು ಬೇರೆ ದಿಕ್ಕಿನಿಂದ ಉತ್ತರಿಸುತ್ತೇನೆ. ಆಚರಣೆ ತೋರಣವಾದರೆ ಅದರಿಂದ ಹಾನಿಯಿಲ್ಲ. ಅದು ಸರ್ಕಾರದ ಕೈಗೆ ಹೋಗಿ ಆಯುಧವಾದಾಗ ಹಾನಿ. ಗಚಾಚಾವನ್ನು ಹೊಗಳುವವರು ಈ ಭಾಗವನ್ನು ತೀರ ಬೇಗ ದಾಟಿಬಿಡುತ್ತಾರೆ.

1994ರಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಕೊಲೆಯಾದ ರುವಾಂಡದಲ್ಲಿ ಜೈಲುಗಳು ಆರೋಪಿಗಳಿಂದ ತುಂಬಿ ತುಳುಕುತ್ತಿದ್ದವು. ಸಾಮಾನ್ಯ ನ್ಯಾಯಾಲಯಗಳಿಂದ ಅವರನ್ನೆಲ್ಲ ವಿಚಾರಿಸಲು ತಲೆಮಾರುಗಳೇ ಬೇಕಾಗುತ್ತಿದ್ದವು. ಆ ಕಷ್ಟ ನಿಜ. ಆದರೆ ಹಳೆಯ ಗಚಾಚಾ ಜಮೀನು, ದನಕರು, ಸಂಸಾರದ ತಕರಾರುಗಳನ್ನು ಬಗೆಹರಿಸುತ್ತಿದ್ದ ಊರಕೂಟ. ಜನಾಂಗಹತ್ಯೆಯ ವಿಚಾರಣೆ ಅದರ ಕೆಲಸವಾಗಿರಲೇ ಇಲ್ಲ. 2002ರಿಂದ 2012ರ ಜೂನ್‌ವರೆಗೆ ನಡೆದದ್ದು ಕಾಯಿದೆಯಿಂದ ಹುಟ್ಟಿದ, ಶಿಕ್ಷೆಯ ಅವಧಿ ನಿಗದಿಯಾಗಿದ್ದ, ಸುಮಾರು 12,000 ನ್ಯಾಯಾಲಯಗಳ ಸರ್ಕಾರಿ ವ್ಯವಸ್ಥೆ. 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಅಲ್ಲಿ ಮುಗಿದವು. ಆರೋಪಿಗೆ ವಕೀಲರಿಲ್ಲ. ಗೆದ್ದ ಪಕ್ಷದ ಸೈನಿಕರು ಮಾಡಿದ ಕೊಲೆಗಳ ವಿಚಾರಣೆ ಅಲ್ಲಿಗೆ ಬರುವಂತೆಯೇ ಇಲ್ಲ. ಹೆಸರು ಹಳೆಯದು, ಹುಲ್ಲು ಹಳೆಯದು, ಆದರೆ ಅಧಿಕಾರ ಹೊಸದು. ಇದನ್ನು ‘ಸಂಪ್ರದಾಯದ ಗೆಲುವು’ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಿವೃತ್ತ ಅಧ್ಯಾಪಕ

ನಿಮ್ಮ ಟೀಕೆಯನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಎಷ್ಟೋ ಕುಟುಂಬಗಳಿಗೆ ತಮ್ಮವರ ಹೆಣ ಎಲ್ಲಿ ಬಿದ್ದಿದೆ ಎಂದು ಗೊತ್ತಾದದ್ದು ಆ ಕೂಟಗಳಲ್ಲಿಯೇ. ಕೊಂದವನು ಎದ್ದು ನಿಂತು ಜಾಗ ತೋರಿಸದಿದ್ದರೆ ಆ ಎಲುಬುಗಳಿಗೆ ಮಣ್ಣು ಸಿಗುತ್ತಿರಲಿಲ್ಲ. ನ್ಯಾಯಶಾಸ್ತ್ರದ ಅಳತೆಗೋಲಿನಲ್ಲಿ ಇದು ಸಣ್ಣದು, ತಾಯಿಯೊಬ್ಬಳಿಗೆ ಸಣ್ಣದಲ್ಲ.

ಟಿಮೋರ್-ಲೆಸ್ಟೆಯವರು ಇದನ್ನು ಇನ್ನಷ್ಟು ಎಚ್ಚರದಿಂದ ಮಾಡಿದರೆಂದು ನನ್ನ ಅಭಿಪ್ರಾಯ. ಇಂಡೊನೇಷ್ಯದಿಂದ ಬಿಡುಗಡೆಯ ಬಗ್ಗೆ 1999ರಲ್ಲಿ ನಡೆದ ಜನಮತಗಣನೆಯ ಸುತ್ತ ಮನೆ ಸುಟ್ಟವರು, ದನ ಕದ್ದವರು, ಹೊಡೆದವರು ತಮ್ಮ ಊರಿಗೆ ಮರಳಬೇಕಾದಾಗ, ಊರಿನ ನಡುವೆ ಚಾಪೆ ಹಾಸಿ, ‘ಲಿಯಾ ನಾಯಿನ್’ ಎಂದು ಕರೆಸಿಕೊಳ್ಳುವ ಹಿರಿಯರ ಎದುರಿನಲ್ಲಿ ತಪ್ಪೊಪ್ಪಿಕೊಳ್ಳುವ ಕ್ರಮವನ್ನು ಸತ್ಯ ಆಯೋಗ ಕಾಯಿದೆಯ ಚೌಕಟ್ಟಿನೊಳಗೆ ತಂದಿತು. 1,371 ಮಂದಿ ಹಾಗೆ ತಮ್ಮ ಊರುಗಳನ್ನು ಸೇರಿಕೊಂಡರು. ಆದರೆ ಕೊಲೆ, ಅತ್ಯಾಚಾರ, ಚಿತ್ರಹಿಂಸೆಗಳನ್ನು ಚಾಪೆಯ ಮೇಲೆ ತರಲು ಬಿಡಲಿಲ್ಲ, ಅವು ನ್ಯಾಯಾಲಯಕ್ಕೆ. ಚಾಪೆಗೆ ಎಷ್ಟು ಭಾರ ತಾಳುತ್ತದೆ ಎಂದು ಮೊದಲೇ ನಿರ್ಧರಿಸಿದ್ದು ಅವರ ವಿವೇಕ.

ಕಾನೂನು ವಿದ್ಯಾರ್ಥಿ

ಅಧ್ಯಾಪಕರೇ, ನ್ಯಾಯಾಲಯಕ್ಕೆ ಎಂದು ಬಿಟ್ಟದ್ದು ನಿಜ, ಆದರೆ ಆರೋಪಪಟ್ಟಿಯಲ್ಲಿದ್ದ ಇಂಡೊನೇಷ್ಯದ ಸೇನಾಧಿಕಾರಿಗಳು ಗಡಿಯಾಚೆ ಇದ್ದರು, ಅವರು ಬರಲೇ ಇಲ್ಲ. ಮನೆಗೆ ಬೆಂಕಿ ಇಟ್ಟ ಹಳ್ಳಿಯ ಹುಡುಗ ಊರೆದುರು ತಲೆ ತಗ್ಗಿಸಿದ. ಆಜ್ಞೆ ಕೊಟ್ಟವರು ತಗ್ಗಿಸಲಿಲ್ಲ. ಎರಡು ದೇಶಗಳು ಸೇರಿ 2005ರಲ್ಲಿ ರಚಿಸಿದ ಸತ್ಯ ಮತ್ತು ಸ್ನೇಹ ಆಯೋಗ 2008ರ ವರದಿಯಲ್ಲಿ ಇಂಡೊನೇಷ್ಯದ ಸಂಸ್ಥೆಗಳ ಹೊಣೆಯನ್ನು ಒಪ್ಪಿಕೊಂಡಿತಾದರೂ, ಯಾರನ್ನೂ ಶಿಕ್ಷೆಗೆ ಒಳಪಡಿಸುವ ಅಧಿಕಾರ ಅದಕ್ಕಿರಲಿಲ್ಲ. ದೊಡ್ಡ ನೆರೆಯವನ ಜೊತೆ ಬದುಕಬೇಕಾದ ಸಣ್ಣ ದೇಶಕ್ಕೆ ಬೇರೆ ದಾರಿ ಇರಲಿಲ್ಲವೇನೋ, ಆದರೆ ಸ್ನೇಹದ ಬೆಲೆ ತೆತ್ತವರು ಯಾರೆಂಬುದನ್ನು ಮರೆಯಬಾರದು.

ಹೊಸ ಓದುಗ

ಮೊದಲ ಬರಹದಲ್ಲಿ ಬಂದ ‘ಮಾತೊ ಒಪುಟ್’ ಎಂದರೆ ಏನೆಂದು ಯಾರಾದರೂ ವಿವರಿಸುವಿರಾ?

ಕಾನೂನು ವಿದ್ಯಾರ್ಥಿ

ಒಪುಟ್ ಎಂಬುದು ಒಂದು ಮರ. ಅದರ ಬೇರಿನ ಕಹಿ ರಸವನ್ನು ಕುಡಿಯುವುದು ‘ಮಾತೊ ಒಪುಟ್’. ಅಚೋಲಿ ಕುಲವೊಂದರವನು ಇನ್ನೊಂದು ಕುಲದವನನ್ನು ಕೊಂದಾಗ ಎರಡು ಕುಲಗಳ ನಡುವೆ ಒಡನಾಟ ನಿಲ್ಲುತ್ತದೆ. ಹಿರಿಯರು ನಡುವೆ ಓಡಾಡಿ, ನಡೆದದ್ದನ್ನು ಒಪ್ಪಿಸಿ, ಪರಿಹಾರ ನಿಗದಿಯಾದ ಮೇಲೆ, ಎರಡೂ ಕಡೆಯವರು ಒಂದೇ ಸೋರೆಬುರುಡೆಯಿಂದ ಆ ಕಹಿಯನ್ನು ಕುಡಿಯುತ್ತಾರೆ. ಕೊಂದವನ ಕುಲ ಮಾತ್ರ ಕುಡಿಯುವುದಿಲ್ಲ, ಕಳೆದುಕೊಂಡ ಕುಲವೂ ಕುಡಿಯುತ್ತದೆ ಎಂಬುದು ನನ್ನನ್ನು ಇಂದಿಗೂ ಕಾಡುವ ವಿವರ.

ಪ್ರಾದೇಶಿಕ ರಾಜತಾಂತ್ರಿಕತೆಯ ಜೊತೆ ಇದು ತಾಗಿದ್ದು ದಕ್ಷಿಣ ಸುಡಾನಿನ ಜೂಬಾದಲ್ಲಿ. ಜೋಸೆಫ್ ಕೋನಿ ಸೇರಿದಂತೆ ಉಗಾಂಡದ ಬಂಡಾಯ ಪಡೆಯಾದ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿಯ ಐವರು ನಾಯಕರ ಮೇಲೆ 2005ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವಾರಂಟ್ ಹೊರಡಿಸಿತ್ತು. 2006ರಲ್ಲಿ ದಕ್ಷಿಣ ಸುಡಾನಿನ ಸರ್ಕಾರ, ಅಂದರೆ ಈ ಯುದ್ಧದ ಬಿಸಿ ತನಗೂ ತಟ್ಟುತ್ತಿದ್ದ ನೆರೆಯವರು, ಮಾತುಕತೆಗೆ ಕರೆದರು. 2007ರ ಜೂನ್‌ನಲ್ಲಿ ಆದ ಹೊಣೆಗಾರಿಕೆ ಮತ್ತು ಸಾಮರಸ್ಯದ ಒಪ್ಪಂದದಲ್ಲಿ ‘ಮಾತೊ ಒಪುಟ್’ ಹೆಸರಿನಲ್ಲಿಯೇ ಸೇರಿತು. ಕೋನಿ ಮಾತ್ರ ಅಂತಿಮ ಸಹಿಗೆ ಬರಲಿಲ್ಲ. ವಾರಂಟ್‌ನಿಂದಾಗಿ ಶಾಂತಿ ತಪ್ಪಿತು ಎಂದು ಒಂದು ಗುಂಪು, ವಾರಂಟ್ ಇದ್ದದ್ದರಿಂದಲೇ ಆತ ಮಾತಿಗಾದರೂ ಬಂದ ಎಂದು ಇನ್ನೊಂದು ಗುಂಪು ಇಂದಿಗೂ ವಾದಿಸುತ್ತವೆ. ನನ್ನ ತಕರಾರು ಬೇರೆ: ಕುಲ ಕುಲಗಳ ನಡುವೆ, ಕೊಂದವನ ಗುರುತು ಇರುವಾಗ ನಡೆಯುವ ಆಚರಣೆಯನ್ನು, ಅಚೋಲಿಗಳಲ್ಲದ ಲಾಂಗೊ ಮತ್ತು ತೇಸೊ ಜನರನ್ನೂ ಕೊಂದ, ಯಾರು ಯಾರನ್ನು ಕೊಂದರೆಂದು ತಿಳಿಯದ ಯುದ್ಧಕ್ಕೆ ಹೊದಿಸುವುದು ಹೇಗೆ? ಬಾಲಕನಾಗಿದ್ದಾಗ ಕೋನಿಯ ಪಡೆಯಿಂದ ಅಪಹರಣಕ್ಕೊಳಗಾಗಿ, ಅದರಲ್ಲೇ ಬೆಳೆದು ಸೇನಾನಾಯಕನಾಗಿ, 2021ರಲ್ಲಿ ಶಿಕ್ಷೆಗೊಳಗಾದ ಡೊಮಿನಿಕ್ ಒಂಗ್ವೆನ್ ಯಾವ ಕಡೆಯಿಂದ ಕಹಿ ಕುಡಿಯಬೇಕು?

ಪದಶೋಧ

ಚರ್ಚೆಯಲ್ಲಿ ನಾಲ್ಕು ಪದಗಳು ಬೆರೆತುಹೋಗುತ್ತಿವೆ, ಅದರಿಂದಲೇ ಅರ್ಧ ಜಗಳ ಹುಟ್ಟುತ್ತಿದೆ. ರಾಜಿ ಎಂದರೆ ಇಬ್ಬರೂ ಒಂದಿಷ್ಟು ಬಿಟ್ಟುಕೊಡುವುದು. ಸಂಧಾನ ಎಂದರೆ ನಡುವಿನವರು ನಡೆಸುವ ಮಾತುಕತೆ. ಒಪ್ಪಂದ ಎಂದರೆ ಬರೆದು ಸಹಿ ಹಾಕಿದ್ದು. ಸಮಾಧಾನ ಮಾತ್ರ ಒಳಗಿನದು. ಅದನ್ನು ಯಾರೂ ಯಾರಿಗೂ ಬರೆದುಕೊಡಲಾಗುವುದಿಲ್ಲ. ನೆರೆರಾಷ್ಟ್ರಗಳು ಸಂಧಾನ ಮಾಡಬಲ್ಲವು, ಒಪ್ಪಂದಕ್ಕೆ ಒತ್ತಾಯಿಸಬಲ್ಲವು. ಸಮಾಧಾನವಾಗಬೇಕಾದ್ದು ಅಕ್ಕಪಕ್ಕದ ಎರಡು ಮನೆಗಳ ನಡುವೆ.

ನಕ್ಷೆಗಾರ

ಪದಗಳ ವಿಂಗಡಣೆ ಸೊಗಸಾಗಿದೆ, ಆದರೆ ವಾಸ್ತವದಲ್ಲಿ ಇವು ಹೀಗೆ ಬೇರೆ ಬೇರೆ ಕೋಣೆಗಳಲ್ಲಿ ಇರುವುದಿಲ್ಲ. ಎಷ್ಟೋ ಸಲ ರಾಜಿಯನ್ನೇ ಸಮಾಧಾನ ಎಂದು ಕರೆದು ದುರ್ಬಲರ ಬಾಯಿ ಮುಚ್ಚಿಸುತ್ತಾರೆ.

ಮೂರನೆಯ ಸಾಲು

ನಕ್ಷೆಗಾರರು ಈಗ ಹೇಳಿದ ಕೊನೆಯ ವಾಕ್ಯಕ್ಕಾಗಿ ಬರೆಯುತ್ತಿದ್ದೇನೆ.

ನನ್ನ ತಾಯಿಯ ತವರಿನಲ್ಲಿ ಆಸ್ತಿಯ ವ್ಯಾಜ್ಯವೊಂದು ಹನ್ನೊಂದು ವರ್ಷ ನಡೆಯಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊನೆಗೆ ಕುಟುಂಬದ ಹಿರಿಯರು ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಬಗೆಹರಿಸಿದರು. ಎಲ್ಲರೂ ಅತ್ತರು, ಅಪ್ಪಿಕೊಂಡರು, ಒಟ್ಟಿಗೆ ಊಟ ಮಾಡಿದರು. ಆ ಶಾಂತಿ ಸುಳ್ಳಲ್ಲ, ಇಂದಿಗೂ ಉಳಿದಿದೆ. ಆದರೆ ಅಣ್ಣತಮ್ಮಂದಿರ ಲೆಕ್ಕ ಸರಿಹೋಗಲು ಹಿರಿಯರು ಕಂಡುಕೊಂಡ ದಾರಿ ನನ್ನ ತಾಯಿ ತನ್ನ ಪಾಲನ್ನು ಬಿಟ್ಟುಕೊಡುವುದು. ಅವರನ್ನು ಯಾರೂ ಗದರಿಸಲಿಲ್ಲ. ‘ನೀನು ಒಪ್ಪಿದರೆ ಮನೆ ಒಂದಾಗುತ್ತದೆ’ ಎಂದರು, ಅಷ್ಟೆ. ಆ ಕೂಟದಲ್ಲಿ ಅವರು ಕೂತಿದ್ದದ್ದು ಒಳಗಿನ ಕೋಣೆಯ ಬಾಗಿಲಲ್ಲಿ.

ಆದ್ದರಿಂದ ಹಿರಿಯರ ಕೂಟದ ಬಗ್ಗೆ ಓದುವಾಗಲೆಲ್ಲ, ಬಾಗಿಲಲ್ಲಿ ಕೂತವರು ಯಾರು ಎಂದು ಹುಡುಕುತ್ತೇನೆ. ಸೋಮಾಲಿಲ್ಯಾಂಡ್‌ನ ಬೊರಾಮ ನಗರದಲ್ಲಿ 1993ರಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಒಂದು ಸರ್ಕಾರವನ್ನೇ ಕಟ್ಟಿದರು. ಮತ ಹಾಕುವ ಪ್ರತಿನಿಧಿಗಳು 150 ಮಂದಿ. ಆಯ್ಕೆಯಾದ ಅಧ್ಯಕ್ಷರು ಮೊಹಮದ್ ಇಬ್ರಾಹಿಂ ಎಗಾಲ್. ಹಿರಿಯರ ‘ಗುರ್ತಿ’ ಸಂಸತ್ತಿನ ಮೇಲ್ಮನೆಯಾಯಿತು. ಹೊರಗಿನ ದೊಡ್ಡ ಹಣವಿಲ್ಲದೆ ಇದನ್ನು ಮಾಡಿದ್ದು ಅಸಾಧಾರಣ ಸಾಧನೆ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಆ 150ರಲ್ಲಿ ಹೆಂಗಸರಿಗೆ ಮತವಿರಲಿಲ್ಲ. ತವರು ಒಂದು ಕುಲ, ಗಂಡನ ಮನೆ ಇನ್ನೊಂದು ಕುಲವಾದ ಕಾರಣ, ಕಾದಾಡುವ ಎರಡು ಕಡೆಗಳ ನಡುವೆ ಸಂದೇಶ ಒಯ್ಯುತ್ತಿದ್ದವರು ಅವರೇ. ಸಂದೇಶ ಒಯ್ಯಲು ಎರಡು ಕುಲಗಳವಳಾದ ಹೆಂಗಸು, ತೀರ್ಮಾನ ಮಾಡುವಾಗ ಯಾವ ಕುಲದವಳೂ ಅಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಕೀನ್ಯದ ವಜೀರ್. ಅಲ್ಲಿ 1990ರ ದಶಕದ ಆರಂಭದಲ್ಲಿ ಕುಲಗಳ ಕಾಳಗ ನಡೆಯುತ್ತಿದ್ದಾಗ, ದೇಖಾ ಇಬ್ರಾಹಿಂ ಅಬ್ದಿ ಮತ್ತು ಅವರ ಜೊತೆಯ ಹೆಂಗಸರು ಶುರು ಮಾಡಿದ್ದು ಸಂತೆಯಿಂದ: ಯಾವ ಕುಲದ ಹೆಂಗಸಾದರೂ ಭಯವಿಲ್ಲದೆ ಮಾರುವಂತೆ, ಕೊಳ್ಳುವಂತೆ ನೋಡಿಕೊಂಡರು. ಆಮೇಲೆ ಯುವಕರನ್ನು, ಆಮೇಲೆ ಹಿರಿಯರನ್ನು, ಕೊನೆಗೆ ಜಿಲ್ಲಾ ಆಡಳಿತವನ್ನು ಜೊತೆಗೆ ಎಳೆದುಕೊಂಡರು. ಹಿರಿಯರು ಅಲ್ಲಿಯೂ ಇದ್ದರು, ಆದರೆ ಅವರನ್ನು ಕೂರಿಸಿದವರು ಹೆಂಗಸರು.

ಪದಶೋಧ

ನಿಮ್ಮ ತಾಯಿಯವರ ಮಾತು ಓದಿ ನನ್ನ ವಿಂಗಡಣೆ ಎಷ್ಟು ಸಲೀಸಾಗಿತ್ತೆಂದು ಅರಿವಾಯಿತು.

ನಿವೃತ್ತ ಅಧ್ಯಾಪಕ

ಮೂರನೆಯ ಸಾಲಿನವರೇ, ನಿಮ್ಮ ಮಾತಿಗೆ ಪೂರಕವಾಗಿ ಘಾನಾದ ಅಕ್ರಾದಲ್ಲಿ 2003ರಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಪ್ರಶ್ನಾರ್ಥಕರು ಕೇಳಿದ ಚಾಪೆ ಮತ್ತು ಮೇಜು ಒಂದೇ ಕೋಣೆಯಲ್ಲಿ ಸೇರಿದ ಘಟನೆ ಅದು.

ಲೈಬೀರಿಯದ ಬಣಗಳನ್ನು ಎಕೊವಾಸ್ ಅಲ್ಲಿಗೆ ಕರೆಸಿತ್ತು. ಸಂಧಾನಕಾರರು ನೈಜೀರಿಯದ ಮಾಜಿ ಆಡಳಿತಗಾರ ಅಬ್ದುಲ್‌ಸಲಾಮಿ ಅಬೂಬಕರ್. ಮಾತುಕತೆ ವಾರಗಟ್ಟಲೆ ಎಳೆಯುತ್ತಿತ್ತು; ಪ್ರತಿನಿಧಿಗಳು ಸುಖವಾದ ಹೋಟೆಲುಗಳಲ್ಲಿ ಇದ್ದರೆ, ಮನ್ರೋವಿಯದಲ್ಲಿ ಗುಂಡು ಬೀಳುತ್ತಿತ್ತು. ಲೇಮಾ ಗ್ಬೋವಿಯವರ ಮುಂದಾಳುತನದಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದವಾಗುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಕಾವಲಿನವರು ಬಂಧಿಸಲು ಬಂದಾಗ ಗ್ಬೋವಿ ತಾವು ಬಟ್ಟೆ ಕಳಚುವುದಾಗಿ ಎಚ್ಚರಿಸಿದರು. ತಾಯಿಯ ವಯಸ್ಸಿನ ಹೆಂಗಸು ಹಾಗೆ ಮಾಡಿದರೆ ನೋಡಿದ ಗಂಡಸಿಗೆ ಶಾಪ ತಟ್ಟುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಕಾವಲಿನವರು ಹಿಂದೆ ಸರಿದರು, ಅಬೂಬಕರ್ ಹೊರಬಂದು ಅವರೊಡನೆ ಮಾತನಾಡಿದರು, ಒಳಗಿನವರ ನಡತೆ ಬದಲಾಯಿತು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿದ್ದಿತು.

ಇಲ್ಲಿ ಸಂಪ್ರದಾಯ ಬಂದದ್ದು ಹಿರಿಯರ ಕೈಯಿಂದಲ್ಲ. ಬಾಗಿಲಲ್ಲಿ ಕೂತವರ ಕೈಯಿಂದ. ಒಳಗೆ ಕೂತಿದ್ದ ಗಂಡಸರೂ ಅದೇ ಪ್ರದೇಶದವರಾಗಿದ್ದರಿಂದ ಆ ಎಚ್ಚರಿಕೆಯ ತೂಕ ಅವರಿಗೆ ಅರ್ಥವಾಯಿತು. ಇದೇ ಮಾತುಕತೆ ಯೂರೋಪಿನ ಯಾವುದೋ ನಗರದಲ್ಲಿ ನಡೆದಿದ್ದರೆ ಅದು ಬರೀ ಪ್ರತಿಭಟನೆಯ ಸುದ್ದಿಯಾಗುತ್ತಿತ್ತು.

ನಕ್ಷೆಗಾರ

ಒಪ್ಪುತ್ತೇನೆ, ಆದರೆ ಅದಕ್ಕೆ ಒಂದು ವಾರ ಮೊದಲು, ಆಗಸ್ಟ್ 11ರಂದು, ಅಷ್ಟರಲ್ಲಿ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರ್ ಅಧಿಕಾರ ಬಿಟ್ಟು ನೈಜೀರಿಯಕ್ಕೆ ಹೋಗಿದ್ದನ್ನೂ, ಎಕೊವಾಸ್‌ನ ಹೊಸ ಪಡೆ ಮನ್ರೋವಿಯಕ್ಕೆ ಬಂದಿಳಿದದ್ದನ್ನೂ ಸೇರಿಸಿಕೊಳ್ಳಿ. ಬಾಗಿಲಿಗೆ ಅಡ್ಡ ಕೂತವರ ಧೈರ್ಯಕ್ಕೆ ಕೈಮುಗಿಯುತ್ತೇನೆ; ಅದೊಂದರಿಂದಲೇ ಯುದ್ಧ ನಿಂತಿತೆಂದು ಹೇಳಲಾರೆ. ಮಧ್ಯ ಅಮೆರಿಕದಲ್ಲಿ ಇಂಥ ಆಚರಣೆಗಳ ನೆರವಿಲ್ಲದೆ ನೆರೆಯವರೇ ದಾರಿ ತೆರೆದರು: 1983ರಲ್ಲಿ ಮೆಕ್ಸಿಕೊ, ವೆನೆಜುವೆಲ, ಕೊಲಂಬಿಯ, ಪನಾಮಗಳ ಕೊಂಟಡೋರ ಗುಂಪು, ಅದು ನಿಂತಲ್ಲಿಂದ ಮುಂದೆ ಕೋಸ್ಟರಿಕದ ಅಧ್ಯಕ್ಷ ಆಸ್ಕರ್ ಅರಿಯಾಸ್‌ರ ಯೋಜನೆ, 1987ರ ಆಗಸ್ಟ್‌ನಲ್ಲಿ ಮಧ್ಯ ಅಮೆರಿಕದ ಐವರು ಅಧ್ಯಕ್ಷರ ಸಹಿ. ಎಲ್ ಸಾಲ್ವಡಾರ್‌ಗೆ ಶಾಂತಿ ಬಂದದ್ದು 1992ರಲ್ಲಿ, ಗ್ವಾಟೆಮಾಲಕ್ಕೆ 1996ರಲ್ಲಿ. ಮಹಾಶಕ್ತಿಗಳ ಜಗಳವನ್ನು ತಮ್ಮ ಅಂಗಳದಿಂದ ಹೊರಹಾಕಲು ಐದು ಸಣ್ಣ ದೇಶಗಳು ಒಟ್ಟಾದದ್ದೇ ಅಲ್ಲಿ ನಿರ್ಣಾಯಕ.

ಪ್ರಶ್ನಾರ್ಥಕ

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ತೋರಣದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಹಾಗಾದರೆ ಇನ್ನೊಂದು ಪ್ರಶ್ನೆ: ಸಂಪ್ರದಾಯವನ್ನೇ ರಾಜತಾಂತ್ರಿಕತೆಯ ನಿಯಮವಾಗಿ ಮಾಡಿಕೊಂಡರೆ ಏನಾಗುತ್ತದೆ? ಆಸಿಯಾನ್ ತನ್ನ ನಡಾವಳಿಗೆ ಆಧಾರ ಎಂದು ಹೇಳಿಕೊಳ್ಳುವುದು ಜಾವಾ ಹಳ್ಳಿಗಳ ‘ಮುಷಾವರಾ’ ಮತ್ತು ‘ಮುಫಾಕತ್’, ಅಂದರೆ ಸಮಾಲೋಚನೆ ಮತ್ತು ಸರ್ವಸಮ್ಮತಿ. ಅದು ಫಲ ಕೊಟ್ಟಿದೆಯೇ?

ನಕ್ಷೆಗಾರ

ಸದಸ್ಯರ ನಡುವೆ ದೊಡ್ಡ ಯುದ್ಧಗಳಾಗದಂತೆ ಬಹುಕಾಲ ಕಾಯ್ದಿದೆ; 1976ರ ಸ್ನೇಹ ಮತ್ತು ಸಹಕಾರ ಒಪ್ಪಂದಕ್ಕೆ ಅದರ ಪಾಲಿನ ಶ್ರೇಯಸ್ಸು ಸಲ್ಲಬೇಕು. ಕಾಂಬೋಡಿಯದ ಬಣಗಳನ್ನು 1988ರಲ್ಲಿ ಜಕಾರ್ತದ ಅನೌಪಚಾರಿಕ ಸಭೆಗೆ ಕರೆದು ಕೂರಿಸಿದ್ದು 1991ರ ಪ್ಯಾರಿಸ್ ಒಪ್ಪಂದದ ದಾರಿಯಲ್ಲಿ ಮುಖ್ಯ ಹೆಜ್ಜೆ. ಆದರೆ ಸೇನೆ ಅಧಿಕಾರ ಕಿತ್ತುಕೊಂಡ ಮ್ಯಾನ್ಮಾರ್ ವಿಷಯದಲ್ಲಿ 2021ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡ ಐದು ಅಂಶಗಳನ್ನು ಅಲ್ಲಿನ ಸೇನೆ ಗಾಳಿಗೆ ತೂರಿತು.

ಹಳ್ಳಿಯಲ್ಲಿ ಸರ್ವಸಮ್ಮತಿ ಏಕೆ ನಡೆಯುತ್ತದೆ ಎಂದು ಯೋಚಿಸಿ. ಒಪ್ಪದವನು ನಾಳೆ ಅದೇ ಬಾವಿಗೆ ಬರಬೇಕು, ಅದೇ ಊರಲ್ಲಿ ಮಗಳಿಗೆ ಸಂಬಂಧ ನೋಡಬೇಕು. ಆ ಬಿಗಿ ದೇಶಗಳ ನಡುವೆ ಇಲ್ಲ. ಅಲ್ಲಿ ಸರ್ವಸಮ್ಮತಿ ಎಂದರೆ ಪ್ರತಿಯೊಬ್ಬನಿಗೂ ತಡೆಯುವ ಅಧಿಕಾರ. ಸಾರ್ಕ್‌ನ ಸನ್ನದಿನಲ್ಲಿಯೂ ಎಲ್ಲ ತೀರ್ಮಾನ ಸರ್ವಾನುಮತದಿಂದ, ದ್ವಿಪಕ್ಷೀಯ ಮತ್ತು ವಿವಾದಾತ್ಮಕ ವಿಷಯಗಳು ಚರ್ಚೆಯಿಂದ ಹೊರಗೆ ಎಂದಿದೆ. 2014ರ ಕಠ್ಮಂಡು ಶೃಂಗಸಭೆಯ ನಂತರ ಅದರ ಶೃಂಗಸಭೆಯೇ ನಡೆದಿಲ್ಲ. ಜಗಳವನ್ನು ಮಾತಿನಿಂದ ಹೊರಗಿಟ್ಟ ಕೂಟ ಜಗಳ ಬಂದಾಗ ಏನು ಮಾಡಬಲ್ಲದು?

ನಿವೃತ್ತ ಅಧ್ಯಾಪಕ

ಒಂದು ಚಿಕ್ಕ ತಿದ್ದುಪಡಿ. ಆಸಿಯಾನ್ ಮ್ಯಾನ್ಮಾರ್ ಸೇನಾಮುಖ್ಯಸ್ಥರನ್ನು 2021ರ ಅಕ್ಟೋಬರ್ ಶೃಂಗಸಭೆಗೆ ಕರೆಯದೆ, ರಾಜಕೀಯೇತರ ಪ್ರತಿನಿಧಿಗೆ ಮಾತ್ರ ಆಹ್ವಾನ ಕೊಟ್ಟಿತು. ಪಂಕ್ತಿಯಿಂದ ಎಬ್ಬಿಸುವುದು ಹಳ್ಳಿಯ ಹಳೆಯ ಶಿಕ್ಷೆಯೇ. ಸಾಲಲಿಲ್ಲ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ದ್ವೀಪದರ್ಶಿ

ಸಂಪ್ರದಾಯಕ್ಕೆ ಹಣ ಅಂಟಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಬೂಗನ್‌ವಿಲ್‌ನ ಪಕ್ಕದ ಸೊಲೊಮನ್ ದ್ವೀಪಗಳನ್ನು ನೋಡಬೇಕು. ಅಲ್ಲಿ ಹಾನಿಗೆ ಪರಿಹಾರ ಕೊಡುವುದು ಹಳೆಯ ಪದ್ಧತಿ. ಕೊಡುವ ವಸ್ತುವಿಗಿಂತ ತಲೆ ತಗ್ಗಿಸಿ ಕೊಡುವುದೇ ಅದರ ಜೀವ. ಗಲಭೆಯ ವರ್ಷಗಳಲ್ಲಿ ಸರ್ಕಾರ ಖಜಾನೆಯಿಂದ ನಗದು ಪರಿಹಾರ ಕೊಡತೊಡಗಿತು. 2000ದ ಟೌನ್ಸ್‌ವಿಲ್ ಒಪ್ಪಂದದ ನಂತರ ಬೇಡಿಕೆಗಳು ಬೆಳೆದು, ಬಂದೂಕು ಹಿಡಿದು ಪರಿಹಾರ ಕೇಳುವ ಸ್ಥಿತಿ ಬಂದು, ಖಜಾನೆಯೇ ಬರಿದಾಯಿತು. 2003ರಲ್ಲಿ ಆಸ್ಟ್ರೇಲಿಯದ ನೇತೃತ್ವದ ಪ್ರಾದೇಶಿಕ ಪಡೆ ಬಂದು 2017ರವರೆಗೆ ಇರಬೇಕಾಯಿತು. ಪಶ್ಚಾತ್ತಾಪ ಪಡಬೇಕಾದವನ ಬದಲು ಖಜಾನೆ ಹಣ ಕೊಟ್ಟರೆ, ಆಚರಣೆಯ ಹೊಟ್ಟು ಉಳಿಯುತ್ತದೆ, ಕಾಳು ಹೋಗುತ್ತದೆ.

ಕಾನೂನು ವಿದ್ಯಾರ್ಥಿ

ಎರಡೂ ಒಂದಕ್ಕೊಂದು ತಾಳಮೇಳ ಹೊಂದಿದ ಒಂದು ಉದಾಹರಣೆ ಕೊಟ್ಟು ನನ್ನ ಪಾಲು ಮುಗಿಸುತ್ತೇನೆ: ಇಂಡೊನೇಷ್ಯದ ‘ಆಚೆ’ (Aceh) ಎಂಬ ಪ್ರಾಂತ್ಯ. 2004ರ ಡಿಸೆಂಬರ್ ಸುನಾಮಿಯ ನಂತರ, ಫಿನ್‌ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿಯವರ ಸಂಧಾನದಲ್ಲಿ, ಸರ್ಕಾರಕ್ಕೂ ಅಲ್ಲಿನ ಬಂಡಾಯಗಾರರಿಗೂ ನಡುವೆ 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಮೇಲ್ವಿಚಾರಣೆಗೆ ಯೂರೋಪಿಯನ್ ಒಕ್ಕೂಟದ ಜೊತೆ ಆಸಿಯಾನ್‌ನ ಐದು ದೇಶಗಳು ಬಂದವು. ಬಂಡಾಯಗಾರರು ಒಪ್ಪಿಸಿದ 840 ಆಯುಧಗಳನ್ನು ಎಣಿಸಿ ನಾಶಪಡಿಸಿದ್ದು ಅವರೇ. ಕಾಡಿನಿಂದ ಮರಳಿದ ಹುಡುಗರನ್ನು ಊರಿನವರು ‘ಪೆಸಿಜುಕ್’ ಮಾಡಿ ಬರಮಾಡಿಕೊಂಡರು. ‘ತಂಪು ಮಾಡುವುದು’ ಎಂದು ಅದರ ಅರ್ಥ. ಎಲೆಗಳಿಂದ ನೀರು ಚಿಮುಕಿಸಿ, ಅಕ್ಕಿ ಹಾಕಿ ಹರಸುತ್ತಾರೆ. ಆಯುಧ ಎಣಿಸುವ ಕೆಲಸ ಊರಿಗೆ ಸಾಧ್ಯವಿರಲಿಲ್ಲ, ತಂಪು ಮಾಡುವ ಕೆಲಸ ಯೂರೋಪಿಯನ್ ಒಕ್ಕೂಟಕ್ಕೆ ಸಾಧ್ಯವಿರಲಿಲ್ಲ. ಒಪ್ಪಂದದಲ್ಲಿ ಬರೆದಿದ್ದ ಮಾನವ ಹಕ್ಕುಗಳ ನ್ಯಾಯಾಲಯ ಮಾತ್ರ ಬರಲಿಲ್ಲ. ನನ್ನ ತಕರಾರು ಅಲ್ಲಿಯೂ ಉಳಿದಿದೆ.

ಪ್ರಶ್ನಾರ್ಥಕ

ನನ್ನ ಮಾತಿನ ರೂಪರೇಖೆಯನ್ನು ಬದಲಿಸಿಕೊಂಡಿದ್ದೇನೆ. ಅಕ್ರಾದ ಬಾಗಿಲಿನಿಂದ ಶುರು ಮಾಡಿ, ಬರ್ನ್‌ಹ್ಯಾಮ್‌ಗೆ ಹೋಗಿ, ಗಚಾಚಾದ ಮುಂದೆ ಸ್ವಲ್ಪ ಹೊತ್ತು ನಿಂತು, ಆಚೆ ಪ್ರಾಂತ್ಯದಲ್ಲಿ ನಿಲ್ಲಿಸುತ್ತೇನೆ. ಯಾವ ಕೆಲಸ ಊರಿನದು, ಯಾವುದು ನೆರೆಯವರದು, ಯಾವುದು ನ್ಯಾಯಾಲಯದ್ದು ಎಂದು ಪ್ರತಿ ಹೆಜ್ಜೆಯಲ್ಲೂ ಕೇಳುತ್ತೇನೆ.

ಮೂರನೆಯ ಸಾಲು

ಬೊರಾಮವನ್ನು ಬಿಡಬೇಡಿ, ಮತ್ತು ಅದನ್ನು ಹೇಳುವಾಗ ಆ 150ರ ಸಂಖ್ಯೆಯನ್ನು ಹೇಳಿ.

ಪ್ರಶ್ನಾರ್ಥಕ

ಖಂಡಿತ ಹೇಳುತ್ತೇನೆ.

ದ್ವೀಪದರ್ಶಿ

ಬೂಗನ್‌ವಿಲ್‌ನ ಕಥೆಯನ್ನು ಮುಗಿದ ಕಥೆಯಂತೆ ಹೇಳಬೇಡಿ ಎಂಬುದು ನನ್ನ ಕೋರಿಕೆ, ಏಕೆಂದರೆ ನಾನೇ ಮೇಲೆ ಹಾಗೆ ಬರೆದೆನೆಂದು ಈಗ ಓದುವಾಗ ಅನ್ನಿಸಿತು. 2019ರ ಮತ ಕಾನೂನಿನ ದೃಷ್ಟಿಯಿಂದ ಅಂತಿಮವಲ್ಲ. ಅದರ ಮೇಲೆ ಎರಡು ಸರ್ಕಾರಗಳು ಸಮಾಲೋಚಿಸಬೇಕು, ಪಪುವಾ ನ್ಯೂಗಿನಿಯ ಸಂಸತ್ತು ತೀರ್ಮಾನಿಸಬೇಕು. ಅದು ಹೇಗೆ ಎಂಬುದರಲ್ಲಿಯೇ ಭಿನ್ನಾಭಿಪ್ರಾಯ ಬಂದಾಗ ನ್ಯೂಜಿಲೆಂಡಿನ ಮಾಜಿ ಗವರ್ನರ್ ಜನರಲ್ ಜೆರಿ ಮಾಟೆಪಾರೆಯವರನ್ನು ನಡುವಿನವರಾಗಿ ಒಪ್ಪಿಕೊಂಡರು. 2025ರ ಜೂನ್‌ನಲ್ಲಿ ಎರಡೂ ಕಡೆಯವರು ಮತ್ತೆ ಮಾತಿಗೆ ಕೂತರು. ಕೂತದ್ದು ಅದೇ ಬರ್ನ್‌ಹ್ಯಾಮ್ ಶಿಬಿರದಲ್ಲಿ.